ಅಧ್ಯಕ್ಷ ಲಿಂಡನ್ ಜಾನ್ಸನ್ನನ ಕೀರ್ತಿ



ಮನುಷ್ಯನ ಗುಣದೋಷಗಳನ್ನು ವಿಚಾರಿಸುವಾಗ ತಕ್ಕಡಿಯ ಮಾತನ್ನೆತ್ತುವುದು ನಮ್ಮಲ್ಲಿ ವಾಡಿಕೆ. ಒಂದು ತಟ್ಟೆಯಲ್ಲಿ ಪುಣ್ಯವನ್ನೂ ಇನ್ನೊಂದರಲ್ಲಿ ಪಾಪವನ್ನೂ ಇಟ್ಟು, ಯಾವುದು ಕೆಳಗೆ ಬಾಗುವುದೋ ಅದರಂತೆ ತೀರ್ಪು ಹೇಳಿ ಮುಗಿಸುತ್ತೇವೆ. ಸಾಮಾನ್ಯರ ವಿಷಯದಲ್ಲಿ ಈ ಕ್ರಮವು ಸಾಕಾಗಬಹುದು. ಆದರೆ ಲಕ್ಷಾಂತರ ಜನರ ಬಾಳು ಯಾರ ಒಂದು ಮಾತಿನಿಂದ ಏಳುವುದೋ ಬೀಳುವುದೋ ಅಂತಹ ರಾಜಕಾರಣಿಗಳ ವಿಷಯದಲ್ಲಿ ತಕ್ಕಡಿಯೇ ಮುರಿದುಹೋಗುವುದುಂಟು. ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಅಂತಹ ಒಬ್ಬನ ಕಥೆಯನ್ನು. ಆತನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮೂವತ್ತಾರನೆಯ ಅಧ್ಯಕ್ಷನಾಗಿದ್ದ ಲಿಂಡನ್ ಬೇನ್ಸ್ ಜಾನ್ಸನ್. 1963ರಿಂದ 1969ರವರೆಗೆ ಆತನು ಆ ಪದವಿಯಲ್ಲಿದ್ದನು. ತನ್ನ ದೇಶದ ಕರಿಯ ಜನರ ಕೈಗೆ ಮತದ ಹಕ್ಕನ್ನು ನಿಜವಾಗಿ ತಂದುಕೊಟ್ಟವನು ಆತನೇ. ವಿಯಟ್ನಾಮಿನ ಹಳ್ಳಿಗಳ ಮೇಲೆ ಬೆಂಕಿಯ ಮಳೆಯನ್ನು ಕರೆಯಿಸಿದವನೂ ಆತನೇ. ನಮ್ಮ ದೇಶಕ್ಕೆ ಬರಗಾಲದಲ್ಲಿ ಗೋಧಿಯ ಹಡಗುಗಳನ್ನು ಕಳುಹಿಸಿದವನೂ, ಆ ಹಡಗುಗಳನ್ನು ದಡದಲ್ಲಿಯೇ ಹಿಡಿದು ನಿಲ್ಲಿಸಿದವನೂ ಆತನೇ. ಇಂತಹವನ ಹೆಸರನ್ನು ನಾವು ಹೇಗೆ ನೆನೆಯಬೇಕು? ಇದು ಕೇವಲ ಪರದೇಶದ ಇತಿಹಾಸದ ಪ್ರಶ್ನೆಯಲ್ಲ. ಅಧಿಕಾರವಿದ್ದೆಡೆಯಲ್ಲೆಲ್ಲಾ ಏಳುವ ಪ್ರಶ್ನೆ.

ಜಾನ್ಸನ್ನನು 1908ನೆಯ ಇಸವಿ ಆಗಸ್ಟ್ 27ರಂದು ಟೆಕ್ಸಾಸ್ ಸಂಸ್ಥಾನದಲ್ಲಿ, ಪೆಡರ್ನಾಲಿಸ್ ಎಂಬ ನದಿಯ ದಡದಲ್ಲಿ ಹುಟ್ಟಿದನು. ಅದು ಗುಡ್ಡಗಾಡು; ನೋಡುವುದಕ್ಕೆ ಚೆಲುವು, ಬೇಸಾಯಕ್ಕೆ ಬಡವು. ಮೇಲುಮಣ್ಣು ತೆಳುವಾದುದು, ಮಳೆ ನೆಚ್ಚತಕ್ಕದ್ದಲ್ಲ. ತಂದೆಯು ಟೆಕ್ಸಾಸಿನ ಶಾಸನಸಭೆಯ ಸದಸ್ಯನಾಗಿದ್ದು ಊರಿನಲ್ಲಿ ಗೌರವಸ್ಥನೆನಿಸಿದ್ದನು. ಆದರೆ ಹೊಲವನ್ನು ಕೊಂಡು ಸಾಲದಲ್ಲಿ ಮುಳುಗಿದನು. ಗೌರವವು ಹೋಗಿ ಮರುಕವೂ ಪರಿಹಾಸವೂ ಉಳಿದವು. ಸೋಲನ್ನೂ ಅವಮಾನವನ್ನೂ ಮನೆಯಲ್ಲಿಯೇ ಕಂಡ ಹುಡುಗನು ಮತ್ತೊಮ್ಮೆ ಅವುಗಳ ಮುಖವನ್ನು ನೋಡಲಾರೆನೆಂದು ಬೆಳೆದನು. ಆತನ ಅಧಿಕಾರದಾಹದ ಬೇರು ಇಲ್ಲಿದೆಯೆಂದು ಚರಿತ್ರಕಾರರು ಹೇಳುವರು.

ಅದೇ ಬಡತನದಿಂದ ಇನ್ನೊಂದು ಬೇರೂ ಹೊರಟಿತು. ಸಾನ್ ಮಾರ್ಕಸಿನ ಉಪಾಧ್ಯಾಯರ ಕಾಲೇಜಿನಲ್ಲಿ ಓದುತ್ತಿದ್ದಾಗ ಹಣ ಸಾಲದೆ, 1928ರಲ್ಲಿ ಆತನು ಕೊಟುಲ್ಲಾ ಎಂಬ ಸಣ್ಣ ಊರಿನ ಶಾಲೆಗೆ ಉಪಾಧ್ಯಾಯನಾಗಿ ಹೋದನು. ಅಲ್ಲಿದ್ದವರು ಮೆಕ್ಸಿಕೋ ಮೂಲದ ಕೂಲಿಗಾರರ ಮಕ್ಕಳು. ಬೆಳಗಿನ ಹೊತ್ತು ಬರಿಯ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದ ಆ ಮಕ್ಕಳಿಗೆ, ತಮ್ಮನ್ನು ಜನರು ಏಕೆ ದ್ವೇಷಿಸುತ್ತಾರೆಂಬುದು ತಿಳಿಯದಿದ್ದರೂ ದ್ವೇಷಿಸುತ್ತಾರೆಂಬುದು ಮಾತ್ರ ಚೆನ್ನಾಗಿ ತಿಳಿದಿದ್ದಿತು. ಮೂವತ್ತೇಳು ವರ್ಷಗಳಾದ ಮೇಲೆ, ಅಧ್ಯಕ್ಷನಾಗಿ ರಾಷ್ಟ್ರಸಭೆಯ ಮುಂದೆ ನಿಂತು ಮಾತನಾಡುವಾಗ, ಜಾನ್ಸನ್ನನು ಆ ಮಕ್ಕಳ ಮುಖಗಳನ್ನೇ ನೆನೆದನು. ಅಂದು ಅವರಿಗೆ ನೆರವಾಗುವ ಶಕ್ತಿ ತನಗಿರಲಿಲ್ಲವೆಂದೂ, ಈಗ ಇರುವುದರಿಂದ ಅದನ್ನು ಉಪಯೋಗಿಸುವೆನೆಂದೂ ಹೇಳಿದನು. ದಾಹವೂ ದಯೆಯೂ ಒಂದೇ ಮನಸ್ಸಿನಲ್ಲಿ ಒಂದೇ ನೆಲದ ಸತ್ವವನ್ನು ಹೀರಿ ಬೆಳೆದುದನ್ನು ನಾವು ಮೊದಲು ಗಮನಿಸಬೇಕು. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳುವ ಉಪಾಯವು ಆತನಿಗೂ ತಿಳಿಯಲಿಲ್ಲ, ಆತನ ದೇಶಕ್ಕೂ ತಿಳಿಯಲಿಲ್ಲ.

1937ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನು ಪ್ರತಿನಿಧಿಸಭೆಗೆ ಆರಿಸಿ ಬಂದನು. ಆಗ ರೂಸ್‌ವೆಲ್ಟನು ಅಧ್ಯಕ್ಷನಾಗಿದ್ದ ಕಾಲ. ಟೆಕ್ಸಾಸಿನ ಗುಡ್ಡಗಾಡಿನಲ್ಲಿ ಆ ವೇಳೆಗೂ ವಿದ್ಯುಚ್ಛಕ್ತಿಯಿರಲಿಲ್ಲ. ಹೆಂಗಸರು ಬಾವಿಯಿಂದ ನೀರು ಸೇದಿ, ಕೈಯಿಂದ ಬಟ್ಟೆ ಒಗೆದು, ಕಟ್ಟಿಗೆಯ ಒಲೆಯ ಮುಂದೆ ಬೆಂದು, ನಡುವಯಸ್ಸಿಗೇ ಬೆನ್ನು ಬಾಗಿ ಮುದುಕಿಯರಾಗುತ್ತಿದ್ದರು. ಮೈಲಿಗೆ ಒಂದೆರಡು ಮನೆಗಳಿರುವ ಆ ಸೀಮೆಗೆ ತಂತಿಯನ್ನೆಳೆಯುವುದು ಖಾಸಗಿ ಕಂಪೆನಿಗಳಿಗೆ ಲಾಭದ ಕೆಲಸವಾಗಿ ಕಾಣಲಿಲ್ಲ. ಜಾನ್ಸನ್ನನು ರಾಜಧಾನಿಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಲೆದು, ರೂಸ್‌ವೆಲ್ಟನವರೆಗೂ ಹೋಗಿ, ಸಹಕಾರ ಸಂಘಕ್ಕೆ ಸರ್ಕಾರದ ಸಾಲವನ್ನು ದೊರಕಿಸಿದನು. 1939ರಲ್ಲಿ ಆ ಗುಡ್ಡಗಳ ಮೇಲೆ ದೀಪಗಳು ಹೊತ್ತಿದವು. ಶಿವನಸಮುದ್ರದ ದೀಪವು ಊರೂರಿಗೂ ಹರಿದ ಬಗೆಯನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಹತ್ತು ವರ್ಷಗಳು ಕಳೆಯುವುದರೊಳಗೆ ಇದೇ ಮನುಷ್ಯನ ಇನ್ನೊಂದು ಮುಖವು ಕಾಣಬಂದಿತು. 1948ರಲ್ಲಿ ಹಿರಿಯ ಸಭೆಯಾದ ಸೆನೆಟ್ಟಿಗೆ ಪಕ್ಷದ ಉಮೇದುವಾರನಾಗಲು ಆತನು ಸ್ಪರ್ಧಿಸಿದನು. ಎದುರಾಳಿಯು ಟೆಕ್ಸಾಸಿನ ಮಾಜಿ ಗವರ್ನರಾಗಿದ್ದ ಕೋಕ್ ಸ್ಟೀವನ್‌ಸನ್. ಸುಮಾರು ಹತ್ತು ಲಕ್ಷ ಮತಗಳು ಬಿದ್ದಿದ್ದವು. ಜಾನ್ಸನ್ನನು ಗೆದ್ದುದು 87 ಮತಗಳಿಂದ. ಚುನಾವಣೆಯಾಗಿ ಆರು ದಿನಗಳಾದ ಬಳಿಕ ಆಲಿಸ್ ಎಂಬ ಊರಿನ ಹದಿಮೂರನೆಯ ಪೆಟ್ಟಿಗೆಯ ಲೆಕ್ಕದಲ್ಲಿ ಇನ್ನೂರಕ್ಕೆ ಮೇಲ್ಪಟ್ಟು ಹೊಸ ಮತಗಳು ಕಾಣಿಸಿಕೊಂಡಿದ್ದವು. ಪಟ್ಟಿಯ ಕೊನೆಯ ಹೆಸರುಗಳು ಅಕ್ಷರಕ್ರಮದಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದುವೆಂದು ನೋಡಿದವರು ಸಾಕ್ಷ್ಯ ಹೇಳಿದರು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು, ಅಲ್ಲಿ ವಿಚಾರಣೆಯು ನಡುವೆಯೇ ನಿಂತಿತು, ಗೆಲುವು ಉಳಿಯಿತು. ಮುಂದೆ ಜೀವಮಾನವೆಲ್ಲಾ ‘ಭಾರಿ ಬಹುಮತದ ಲಿಂಡನ್’ ಎಂಬ ಅಣಕದ ಬಿರುದನ್ನು ಆತನು ಹೊತ್ತು ತಿರುಗಿದನು. ಆತನ ಪತ್ನಿಯ ಹೆಸರಿನಲ್ಲಿ 1943ರಲ್ಲಿ ಆಸ್ಟಿನ್ ನಗರದ ಒಂದು ಚಿಕ್ಕ ರೇಡಿಯೋ ನಿಲಯವನ್ನು ಕೊಂಡುದೂ, ಅದು ಬೆಳೆದು ಆ ಕುಟುಂಬವನ್ನು ಸಿರಿವಂತರನ್ನಾಗಿ ಮಾಡಿದುದೂ ಪ್ರಸಿದ್ಧವಾದ ಸಂಗತಿ. ರೇಡಿಯೋ ಪರವಾನಗಿಯನ್ನು ಕೊಡುವುದು ಸರ್ಕಾರ. ಗಂಡನು ಶಾಸನಸಭೆಯ ಸದಸ್ಯ. ಈ ಎರಡಕ್ಕೂ ಏನು ಸಂಬಂಧವೆಂದು ಜನರು ಕೇಳುತ್ತಲೇ ಇದ್ದರು.

ಸೆನೆಟ್ಟನ್ನು ಹೊಕ್ಕ ಜಾನ್ಸನ್ನನು ಅಲ್ಲಿ ಏರಿದ ವೇಗವು ಆಶ್ಚರ್ಯಕರವಾದುದು. 1953ರಲ್ಲಿ ತನ್ನ ಪಕ್ಷಕ್ಕೆ ಮುಖಂಡನಾದನು. 1955ರಲ್ಲಿ ಬಹುಮತ ಪಕ್ಷದ ಮುಖಂಡನಾದನು. ಯಾವ ಸದಸ್ಯನಿಗೆ ಏನು ಬೇಕು, ಯಾವನಿಗೆ ಏನು ಭಯ, ಯಾವನು ಹೊಗಳಿಕೆಗೆ ಕರಗುವನು, ಯಾವನು ಬೆದರಿಕೆಗೆ ಬಗ್ಗುವನು, ಎಲ್ಲವೂ ಆತನಿಗೆ ಕರತಲಾಮಲಕವಾಗಿದ್ದಿತು. ಆರಡಿಗೆ ಮೀರಿದ ಆಳು. ಎದುರಿನವನ ಮುಖದ ಮೇಲೆ ಬಾಗಿ, ಎದೆಗೆ ಬೆರಳು ಚುಚ್ಚಿ, ತೋಳು ಹಿಡಿದು, ಬೇಡಿ, ಬೈದು, ನಗಿಸಿ, ಒಪ್ಪಿಸಿ ಬಿಡುತ್ತಿದ್ದನು. 1937ರಿಂದ 1956ರವರೆಗೆ ಕರಿಯರ ಹಕ್ಕಿನ ಪ್ರತಿಯೊಂದು ಮಸೂದೆಗೂ ಆತನು ದಕ್ಷಿಣದ ಬಿಳಿಯರೊಡನೆ ಸೇರಿ ವಿರೋಧವಾಗಿ ಮತವಿತ್ತಿದ್ದನು. 1957ರಲ್ಲಿ ಮಾತ್ರ ದಾರಿಯನ್ನು ಬದಲಿಸಿ, 1875ರ ತರುವಾಯ ಮೊತ್ತಮೊದಲನೆಯದಾದ ಪೌರಹಕ್ಕಿನ ಶಾಸನವನ್ನು ಸೆನೆಟ್ಟಿನಿಂದ ದಾಟಿಸಿದನು. ಅದು ಹಲ್ಲು ಕಿತ್ತ ಶಾಸನ. ಹಲ್ಲು ಕಿತ್ತವನೂ ಆತನೇ. ಹಾಗೆ ಕೀಳದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲವೆಂದು ಆತನ ಪಕ್ಷಪಾತಿಗಳು ವಾದಿಸುವರು.

1963ನೆಯ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯು ಗುಂಡಿಗೆ ಬಲಿಯಾದನು. ಉಪಾಧ್ಯಕ್ಷನಾಗಿದ್ದ ಜಾನ್ಸನ್ನನು ವಿಮಾನದೊಳಗೆ ನಿಂತು ಪ್ರಮಾಣವಚನವನ್ನು ಸ್ವೀಕರಿಸಿದನು. ಐದು ದಿನಗಳ ಮೇಲೆ ರಾಷ್ಟ್ರಸಭೆಯ ಮುಂದೆ ನಿಂತು, ಕೆನೆಡಿಯ ಸ್ಮಾರಕವಾಗಿ ಮಾಡಬೇಕಾದ ಮೊದಲ ಕೆಲಸವು ಪೌರಹಕ್ಕಿನ ಶಾಸನವೆಂದು ಹೇಳಿದನು. ಅದಕ್ಕೆ ಅಡ್ಡವಾಗಿ ನಿಂತವನು ಜಾರ್ಜಿಯಾದ ರಿಚರ್ಡ್ ರಸ್ಸೆಲ್. ಜಾನ್ಸನ್ನನನ್ನು ಸೆನೆಟ್ಟಿನಲ್ಲಿ ಕೈಹಿಡಿದು ಮೇಲೆತ್ತಿದ ಗುರು. ದಕ್ಷಿಣದ ಸದಸ್ಯರು ವಾರಗಟ್ಟಲೆ ಮಾತನಾಡಿಯೇ ಮಸೂದೆಯನ್ನು ಕೊಲ್ಲಲು ನೋಡಿದರು. 1964ನೆಯ ಜೂನ್ 10ರಂದು 71ಕ್ಕೆ 29 ಮತಗಳಿಂದ ಆ ಮಾತಿನ ಕೋಟೆಯು ಮುರಿದುಬಿದ್ದಿತು. ಜುಲೈ 2ರಂದು ಜಾನ್ಸನ್ನನು ಶಾಸನಕ್ಕೆ ರುಜು ಮಾಡಿದನು. ಹೋಟಲು, ಛತ್ರ, ನಾಟಕಶಾಲೆಗಳಲ್ಲಿ ಬಣ್ಣವನ್ನು ನೋಡಿ ಮನುಷ್ಯನನ್ನು ಹೊರಗೆ ನಿಲ್ಲಿಸುವುದು ಅಂದಿನಿಂದ ಅಪರಾಧವಾಯಿತು. ಅಸ್ಪೃಶ್ಯತೆಯ ಕಳಂಕವನ್ನು ತೊಳೆಯಲು ಶಾಸನ ಮಾಡಿಕೊಂಡ ನಮ್ಮ ದೇಶದವರಿಗೆ, ಒಂದು ಬಾಗಿಲು ತೆರೆಯುವುದರಲ್ಲಿ ಎಷ್ಟು ಹೋರಾಟವಡಗಿದೆಯೆಂಬುದು ತಿಳಿಯದ ಮಾತಲ್ಲ.

ಅದೇ ವರ್ಷದ ಚುನಾವಣೆಯಲ್ಲಿ ನೂರಕ್ಕೆ ಅರುವತ್ತೊಂದು ಮತಗಳನ್ನು ಪಡೆದು ಜಾನ್ಸನ್ನನು ಗೆದ್ದನು. 1948ರ ಅಣಕದ ಬಿರುದು ಈಗ ನಿಜವಾಯಿತು. ಮರುವರ್ಷ ಮಾರ್ಚ್ 7ರಂದು ಆಲಬಾಮಾ ಸಂಸ್ಥಾನದ ಸೆಲ್ಮಾ ನಗರದಲ್ಲಿ, ಮತದ ಹಕ್ಕನ್ನು ಕೇಳಿ ಸೇತುವೆಯ ಮೇಲೆ ನಡೆದುಬರುತ್ತಿದ್ದ ಕರಿಯ ಜನರನ್ನು ಪೊಲೀಸರು ದೊಣ್ಣೆಗಳಿಂದ ಬಡಿದು, ಕಣ್ಣೀರುಹೊಗೆಯಿಂದ ಕಂಗೆಡಿಸಿದರು. ಎಂಟು ದಿನಗಳ ಮೇಲೆ ಅಧ್ಯಕ್ಷನು ರಾಷ್ಟ್ರಸಭೆಗೆ ಬಂದು, ಅವರ ಹೋರಾಟವು ನಮ್ಮೆಲ್ಲರ ಹೋರಾಟವೆಂದು ಸಾರಿದನು. ಅವರ ಮೆರವಣಿಗೆಗಳಲ್ಲಿ ಮೊಳಗುತ್ತಿದ್ದ ಮಾತನ್ನೇ ತನ್ನ ಮಾತನ್ನಾಗಿ ಮಾಡಿಕೊಂಡನು. ಆಗಸ್ಟ್ 6ರಂದು ಮತದಾನದ ಹಕ್ಕಿನ ಶಾಸನವು ಜಾರಿಗೆ ಬಂದಿತು. ಮಿಸಿಸಿಪ್ಪಿ ಸಂಸ್ಥಾನದಲ್ಲಿ ಅದುವರೆಗೆ ಮತದಾರರ ಪಟ್ಟಿಯಲ್ಲಿದ್ದ ಕರಿಯರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ. 1967ರ ವೇಳೆಗೆ ನೂರಕ್ಕೆ ಸುಮಾರು ಅರುವತ್ತಕ್ಕೇರಿದರು. ಈ ಜಯವು ಜಾನ್ಸನ್ನನೊಬ್ಬನದೇ ಎನ್ನುವುದು ಅನ್ಯಾಯವಾದೀತು. ಬೀದಿಯಲ್ಲಿ ಪೆಟ್ಟು ತಿಂದವರು, ಸೆರೆಗೆ ಹೋದವರು, ಪ್ರಾಣ ಕೊಟ್ಟವರು ಇಲ್ಲದಿದ್ದರೆ ಶಾಸನವೆಲ್ಲಿ? ಆದರೆ ಅವರ ತ್ಯಾಗವನ್ನು ಶಾಸನದ ಅಕ್ಷರವನ್ನಾಗಿ ಮಾಡುವ ವಿದ್ಯೆಯು ಆ ಕಾಲದಲ್ಲಿ ಆತನಿಗೆ ತಿಳಿದಿದ್ದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ಅದೇ 1965ರಲ್ಲಿ ವೃದ್ಧರ ವೈದ್ಯಸಹಾಯಕ್ಕೆ ‘ಮೆಡಿಕೇರ್’ ಎಂಬ ಏರ್ಪಾಡೂ, ಬಡವರಿಗೆ ‘ಮೆಡಿಕೇಯ್ಡ್’ ಎಂಬುದೂ, ಶಾಲೆಗಳಿಗೆ ಕೇಂದ್ರ ಸರ್ಕಾರದ ಧನಸಹಾಯವೂ ಬಂದುವು. 1964ರಲ್ಲಿ ನೂರಕ್ಕೆ ಹತ್ತೊಂಬತ್ತರಷ್ಟಿದ್ದ ಬಡವರ ಸಂಖ್ಯೆಯು 1969ರ ವೇಳೆಗೆ ಹನ್ನೆರಡಕ್ಕೆ ಇಳಿದಿದ್ದಿತು. ಅಕ್ಟೋಬರ್ 3ರಂದು, ಸ್ವಾತಂತ್ರ್ಯದೇವಿಯ ಪ್ರತಿಮೆಯ ಅಡಿಯಲ್ಲಿ ಕುಳಿತು, ಆತನು ವಲಸೆಯ ಶಾಸನಕ್ಕೆ ರುಜು ಮಾಡಿದನು. ಇದು ನಮ್ಮ ಮನೆಗಳನ್ನು ಮುಟ್ಟಿದ ಸಂಗತಿ. 1946ರ ಶಾಸನದಂತೆ ಅದುವರೆಗೆ ಇಡೀ ಭಾರತಕ್ಕೆ ವರ್ಷವೊಂದಕ್ಕೆ ನೂರು ಜನರ ಪಾಲು ಮಾತ್ರ ಮೀಸಲಾಗಿದ್ದಿತು. ಹುಟ್ಟಿದ ದೇಶವನ್ನು ನೋಡಿ ತಡೆಯುವ ಆ ಗೋಡೆಯು ಬಿದ್ದುದರಿಂದಲೇ, ಮುಂದಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳ ವೈದ್ಯರೂ ಇಂಜಿನಿಯರರೂ ಅಲ್ಲಿಗೆ ಹೋಗಿ ನೆಲೆಸುವಂತಾಯಿತು. ಅಮೆರಿಕದ ನಗರಗಳಲ್ಲಿ ಕನ್ನಡ ಕೂಟಗಳು ರಾಜ್ಯೋತ್ಸವವನ್ನು ಆಚರಿಸುವಾಗ ಜಾನ್ಸನ್ನನ ಹೆಸರನ್ನು ಯಾರೂ ಎತ್ತಲಿಕ್ಕಿಲ್ಲ. ಆದರೂ ಆ ಬಾಗಿಲಿನ ಚಿಲುಕವನ್ನು ತೆಗೆದ ರುಜು ಆತನದು.

ಇಷ್ಟಕ್ಕೇ ಕಥೆಯು ಮುಗಿದಿದ್ದರೆ ಲಿಂಕನ್ನನ ಪಕ್ಕದಲ್ಲಿ ಆತನಿಗೆ ಪೀಠ ಹಾಕಬಹುದಾಗಿತ್ತು. ಆದರೆ ಸೆಲ್ಮಾ ಸೇತುವೆಯ ಮರುದಿನ, 1965ನೆಯ ಮಾರ್ಚ್ 8ರಂದು, ಅಮೆರಿಕದ ಯುದ್ಧದಳದ ಸುಮಾರು 3,500 ಮಂದಿ ಯೋಧರು ವಿಯಟ್ನಾಮಿನ ಡಾ ನಾಂಗ್ ತೀರದಲ್ಲಿ ಇಳಿದರು. ಅದರ ಹಿಂದಿನ ವರ್ಷ, ಆಗಸ್ಟ್ ತಿಂಗಳಲ್ಲಿ, ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತೆಂದು ಜಾನ್ಸನ್ನನು ಪ್ರಕಟಿಸಿದನು; ರಾಷ್ಟ್ರಸಭೆಯು ಆತನಿಗೆ ಯುದ್ಧದ ಅಧಿಕಾರವನ್ನು ಕೊಟ್ಟಿತು. ಕೆಳಸಭೆಯಲ್ಲಿ ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಸೆನೆಟ್ಟಿನಲ್ಲಿ ಎರಡು ಮಾತ್ರ ಬಿದ್ದವು. ಆ ಎರಡನೆಯ ದಾಳಿಯು ನಡೆಯಲೇ ಇಲ್ಲವೆಂಬುದು ಮುಂದೆ ಸರ್ಕಾರದ ರಹಸ್ಯ ಕಾಗದಗಳಿಂದಲೇ ಹೊರಬಿದ್ದಿತು. 1963ರ ಕೊನೆಯಲ್ಲಿ ವಿಯಟ್ನಾಮಿನಲ್ಲಿದ್ದ ಅಮೆರಿಕದ ಸಿಪಾಯಿಗಳು ಸುಮಾರು ಹದಿನಾರು ಸಾವಿರ. 1968ರಲ್ಲಿ ಐದು ಲಕ್ಷಕ್ಕೆ ಮೀರಿದರು. ಯುದ್ಧವು ತೀರುವ ಹೊತ್ತಿಗೆ ಅಮೆರಿಕದವರು 58,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಸತ್ತ ವಿಯಟ್ನಾಮಿಗಳನ್ನು ಲಕ್ಷಗಳಲ್ಲಿ ಎಣಿಸಬೇಕಾಯಿತು.

ಇದರಲ್ಲಿ ಅತ್ಯಂತ ವಿಷಾದಕರವಾದ ಸಂಗತಿಯನ್ನು ಲೋಕವು ತಡವಾಗಿ ತಿಳಿಯಿತು. ಜಾನ್ಸನ್ನನು ತನ್ನ ಟೆಲಿಫೋನು ಸಂಭಾಷಣೆಗಳನ್ನು ಗುಟ್ಟಾಗಿ ಮುದ್ರಿಸಿಡುತ್ತಿದ್ದನು. 1990ರ ದಶಕದಿಂದ ಅವು ಬಹಿರಂಗವಾಗುತ್ತಾ ಬಂದುವು. 1964ನೆಯ ಮೇ 27ರಂದು, ಅಂದರೆ ದೊಡ್ಡ ಸೈನ್ಯವನ್ನು ಕಳುಹಿಸುವುದಕ್ಕೆ ಹತ್ತು ತಿಂಗಳು ಮೊದಲೇ, ಆತನು ತನ್ನ ಸಲಹೆಗಾರನೊಡನೆ ಆಡಿದ ಮಾತು ಅಲ್ಲಿದೆ. ಈ ಯುದ್ಧವು ಹೋರಾಡತಕ್ಕಷ್ಟು ಬೆಲೆಯುಳ್ಳದ್ದೆಂದು ತನಗೆ ತೋರುವುದಿಲ್ಲವೆಂದೂ, ಆದರೆ ಹೊರಗೆ ಬರುವ ದಾರಿಯೂ ಕಾಣದೆಂದೂ ಆತನು ಹೇಳಿಕೊಂಡಿದ್ದಾನೆ. ಹಾಗಾದರೆ ಕುರುಡನಾಗಿ ಆತನು ಹಳ್ಳಕ್ಕೆ ಬಿದ್ದವನಲ್ಲ. ಹಳ್ಳವನ್ನು ಕಂಡೇ ಮುಂದಕ್ಕೆ ಹೆಜ್ಜೆಯಿಟ್ಟವನು. ಸೋತವನೆನಿಸಿಕೊಳ್ಳುವ ಅಂಜಿಕೆಯು ಆತನಿಗೆ ಸಾವುಗಳ ಲೆಕ್ಕಕ್ಕಿಂತ ದೊಡ್ಡದಾಗಿ ಕಂಡಿತು. ಸಾಲಗಾರನಾದ ತಂದೆಯ ಅಂಗಳದಲ್ಲಿ ಹುಟ್ಟಿದ ಅಂಜಿಕೆಯು ಏಷ್ಯದ ಗದ್ದೆಗಳಲ್ಲಿ ಹೀಗೆ ಫಲ ಕೊಟ್ಟಿತು.

ಇನ್ನು ನಮ್ಮ ಗೋಧಿಯ ಕಥೆ. 1965 ಮತ್ತು 1966ರಲ್ಲಿ ಭಾರತದಲ್ಲಿ ಒಂದರ ಬೆನ್ನಿಗೊಂದು ಮಳೆಗಾಲವು ಕೈಕೊಟ್ಟಿತು. ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರದ ರಾತ್ರಿಯ ಊಟವನ್ನು ಬಿಡಿರೆಂದು ಜನರನ್ನು ಕೇಳಿಕೊಂಡ ಕಾಲವದು. ಅಮೆರಿಕವು 1954ರ ತನ್ನ ಒಂದು ಶಾಸನದಂತೆ ನಮಗೆ ರೂಪಾಯಿಯ ಬೆಲೆಗೆ ಧಾನ್ಯವನ್ನು ಕೊಡುತ್ತಿದ್ದಿತು. 1966ರಲ್ಲಿ ನಾವು ಹೊರಗಿನಿಂದ ತರಿಸಿದ ಧಾನ್ಯವು ಒಂದು ಕೋಟಿ ಟನ್ನುಗಳಿಗೂ ಮೇಲಾಗಿದ್ದು, ಅದರ ಬಹುಭಾಗವು ಅಮೆರಿಕದ್ದೇ. ರೇಷನ್ ಅಂಗಡಿಯ ಮುಂದೆ ಆ ಕೆಂಪು ಗೋಧಿಗಾಗಿ ಸಾಲುನಿಂತವರು, ಶಾಲೆಯಲ್ಲಿ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಉಂಡು ಬೆಳೆದವರು ನಮ್ಮ ಹಿರಿಯರಲ್ಲಿ ಅನೇಕರಿದ್ದಾರೆ. ಅನ್ನದ ಋಣವನ್ನು ಮರೆಯುವುದು ನಮ್ಮ ಧರ್ಮವಲ್ಲ; ಆ ಧಾನ್ಯವು ಬಾರದಿದ್ದರೆ ಎಷ್ಟು ಜೀವಗಳು ಹೋಗುತ್ತಿದ್ದುವೋ ಹೇಳಲಾಗದು.

ಆದರೆ ಆ ಹಡಗುಗಳ ಬೀಗದ ಕೈಯನ್ನು ಜಾನ್ಸನ್ನನು ತನ್ನ ಸೊಂಟದಲ್ಲಿಯೇ ಕಟ್ಟಿಕೊಂಡಿದ್ದನು. ಬಹುಕಾಲದ ಒಪ್ಪಂದವನ್ನು ಮಾಡದೆ, ತಿಂಗಳು ತಿಂಗಳಿಗೆ ಇಷ್ಟಿಷ್ಟೆಂದು ಅಳೆದು ಬಿಡುತ್ತಿದ್ದನು. ಭಾರತವು ಬೇಸಾಯದ ಕಡೆಗೆ ಹೆಚ್ಚು ಗಮನ ಕೊಡಬೇಕೆಂಬುದು ಆತನ ಒಂದು ವಾದ, ಅದರಲ್ಲಿ ಹುರುಳಿತ್ತು. ನಮ್ಮ ಆಹಾರಮಂತ್ರಿಗಳಾಗಿದ್ದ ಸಿ. ಸುಬ್ರಹ್ಮಣ್ಯಂ ಅವರು ತಾವಾಗಿಯೇ ಅದೇ ದಾರಿಯನ್ನು ಹಿಡಿದಿದ್ದರು. ಆದರೆ ವಿಯಟ್ನಾಮಿನ ಮೇಲೆ ಬಾಂಬುಗಳನ್ನು ಹಾಕುವುದು ತಪ್ಪೆಂದು ಭಾರತವು ಹೇಳಿದುದು ಆತನಿಗೆ ಮುಳ್ಳಿನಂತೆ ಚುಚ್ಚುತ್ತಿದ್ದಿತು. 1966ನೆಯ ಮಾರ್ಚಿಯಲ್ಲಿ ಇಂದಿರಾ ಗಾಂಧಿಯವರು ವಾಷಿಂಗ್ಟನ್ನಿಗೆ ಹೋದಾಗ ಆದರದಿಂದ ಕಂಡವನು, ಅದೇ ವರ್ಷದ ಉತ್ತರಾರ್ಧದಲ್ಲಿ, ಬಿಹಾರವು ಬೇಯುತ್ತಿದ್ದಾಗ, ಹೊಸ ಒಪ್ಪಂದವನ್ನು ತಿಂಗಳುಗಟ್ಟಲೆ ತಡೆದನು. ಆತನ ಮಂತ್ರಿಗಳಲ್ಲಿಯೇ ಹಲವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಕೊಡುವ ಕೈಯು ತಾನು ಕೊಡುತ್ತಿರುವೆನೆಂಬುದನ್ನು ದಿನವೂ ನೆನಪಿಸುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆ ಅವಮಾನದ ಬಿಸಿಯು ನಮ್ಮವರನ್ನು ಇನ್ನಷ್ಟು ತ್ವರೆಪಡಿಸಿತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಹೊಸ ತಳಿಯ ಬಿತ್ತನೆಯ ಗೋಧಿಯು ಬಂದಿತು; 1968ರ ಸುಗ್ಗಿಯಲ್ಲಿ ಗೋಧಿಯ ಬೆಳೆ 165 ಲಕ್ಷ ಟನ್ನುಗಳಿಗೇರಿ, ಹಿಂದಿನ ಎಲ್ಲಾ ದಾಖಲೆಗಳನ್ನು ಮೀರಿತು. ಗೋಧಿಗೆ ನಾವು ಕೃತಜ್ಞರು. ಸ್ವಾವಲಂಬನೆಗೆ ನಮ್ಮ ರೈತರಿಗೂ ವಿಜ್ಞಾನಿಗಳಿಗೂ ಕೃತಜ್ಞರು.

ಜಾನ್ಸನ್ನನ ಪತನವು ಏರಿಕೆಯಷ್ಟೇ ತೀವ್ರವಾಗಿದ್ದಿತು. ಮಾರ್ಟಿನ್ ಲೂಥರ್ ಕಿಂಗರು 1967ನೆಯ ಏಪ್ರಿಲ್ 4ರಂದು ನ್ಯೂಯಾರ್ಕಿನ ಒಂದು ದೇವಾಲಯದಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಬಡತನವನ್ನು ನೀಗಬೇಕಾದ ಹಣವು ಯುದ್ಧದ ಬಾಯಿಗೆ ಬೀಳುತ್ತಿದೆಯೆಂಬುದು ಅವರ ದುಃಖ. ಅಧ್ಯಕ್ಷನ ಮಾತಿಗೂ ನಿಜಕ್ಕೂ ಇರುವ ಅಂತರವೇ ಪತ್ರಿಕೆಗಳ ನಿತ್ಯದ ವಿಷಯವಾಯಿತು. 1968ನೆಯ ಮಾರ್ಚ್ 31ರ ರಾತ್ರಿ, ತಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಆತನು ಸಾರಿದನು. ನಾಲ್ಕು ದಿನಗಳ ಮೇಲೆ ಕಿಂಗರು ಕೊಲೆಯಾದರು. ಆ ಶೋಕದ ನಡುವೆಯೇ, ಏಪ್ರಿಲ್ 11ರಂದು, ಮನೆಗಳ ಮಾರಾಟ ಬಾಡಿಗೆಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಶಾಸನಕ್ಕೆ ಜಾನ್ಸನ್ನನು ರುಜು ಮಾಡಿದನು. ಆಮೇಲೆ ಟೆಕ್ಸಾಸಿನ ತನ್ನ ಹೊಲಮನೆಗೆ ಹಿಂದಿರುಗಿದವನು ನಾಲ್ಕು ವರ್ಷಗಳು ಬದುಕಿದ್ದನು. 1972ರ ಡಿಸೆಂಬರಿನಲ್ಲಿ, ಹೃದಯರೋಗದಿಂದ ನಡೆಯಲೂ ಕಷ್ಟವಾಗಿದ್ದ ಸ್ಥಿತಿಯಲ್ಲಿ, ಪೌರಹಕ್ಕುಗಳ ಒಂದು ಸಭೆಗೆ ಬಂದು, ತಾನು ಮಾಡಿದುದು ಸಾಲದೆಂದೂ, ಇತಿಹಾಸದ ಭಾರವನ್ನು ಹೊತ್ತವನೂ ಹೊರದವನೂ ಸಮನೆಲದ ಮೇಲೆ ನಿಂತಿಲ್ಲವೆಂದೂ ಹೇಳಿದನು. 1973ನೆಯ ಜನವರಿ 22ರಂದು ಸತ್ತನು. ಮರುದಿನ ವಿಯಟ್ನಾಮಿನಲ್ಲಿ ಕದನವಿರಾಮದ ಒಪ್ಪಂದವಾಯಿತೆಂಬ ಸುದ್ದಿಯು ಪ್ರಕಟವಾಯಿತು; ಕೇಳಲು ಆತನಿರಲಿಲ್ಲ.

ಸತ್ತ ಬಳಿಕ ಬಹುಕಾಲ ಆತನ ಹೆಸರನ್ನು ಯಾರೂ ಬಾಯಿಗೆ ತರಲಿಲ್ಲ. ಆತನ ಪಕ್ಷದವರೇ ಕೆನೆಡಿಯ ಚಿತ್ರವನ್ನು ಗೋಡೆಗೆ ಹಾಕಿಕೊಂಡರು, ಜಾನ್ಸನ್ನನದನ್ನು ಹಾಕಿಕೊಳ್ಳಲಿಲ್ಲ. ರಾಬರ್ಟ್ ಕ್ಯಾರೊ ಎಂಬ ಚರಿತ್ರಕಾರನು ಆತನ ಜೀವನವನ್ನು ಬರೆಯತೊಡಗಿ, 1982ರಿಂದ 2012ರವರೆಗೆ ನಾಲ್ಕು ದೊಡ್ಡ ಸಂಪುಟಗಳನ್ನು ಹೊರತಂದನು. ಮೊದಲನೆಯ ಸಂಪುಟಗಳಲ್ಲಿ ಕಳ್ಳಮತಗಳ ಜಾನ್ಸನ್ನನು ಎದ್ದು ಕಂಡನು. ಮುಂದಿನವುಗಳಲ್ಲಿ ಶಾಸನ ಮಾಡಿದ ಜಾನ್ಸನ್ನನು. ಟೆಲಿಫೋನಿನ ಮುದ್ರಿಕೆಗಳು ಬಂದ ಮೇಲೆ ಆತನ ಗಂಟಲೇ ಜನರೆದುರಿಗೆ ಸಾಕ್ಷಿ ಹೇಳಿತು. 2021ರಲ್ಲಿ ಅಮೆರಿಕದ ಚರಿತ್ರಕಾರರು ಅಧ್ಯಕ್ಷರನ್ನೆಲ್ಲಾ ಕ್ರಮವಾಗಿ ಎಣಿಸಿದಾಗ ಆತನಿಗೆ ಹನ್ನೊಂದನೆಯ ಸ್ಥಾನವನ್ನು ಕೊಟ್ಟರು. ಸಮಾನ ನ್ಯಾಯವೆಂಬ ಒಂದು ವಿಷಯದಲ್ಲಿ ಲಿಂಕನ್ನನ ಮರುಸ್ಥಾನವು ಆತನದು. ವಿದೇಶ ವ್ಯವಹಾರದಲ್ಲಿ ಬಹಳ ಕೆಳಗಿನದು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಒಳ್ಳೆಯದರಿಂದ ಕೆಟ್ಟುದನ್ನು ಕಳೆದು ಉಳಿದುದೆಷ್ಟೆಂದು ಲೆಕ್ಕ ಹಾಕುವ ಕ್ರಮವು ಇಲ್ಲಿ ಸಲ್ಲದೆಂದು ನನಗೆ ತೋರುತ್ತದೆ. ಮಿಸಿಸಿಪ್ಪಿಯಲ್ಲಿ ಮತ ಹಾಕಿದ ಮುದುಕಿಯ ಸಂತೋಷದಿಂದ ವಿಯಟ್ನಾಮಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಸಾಲವು ತೀರುವುದಿಲ್ಲ. ಆ ತಾಯಿಯ ಕಣ್ಣೀರಿನಿಂದ ಈ ಮುದುಕಿಯ ಮತವು ಅಳಿಸುವುದೂ ಇಲ್ಲ. ಚಿತ್ರಗುಪ್ತನ ಪುಸ್ತಕದಲ್ಲಿ ಅವು ಬೇರೆ ಬೇರೆ ಪುಟಗಳು. ನಮ್ಮ ಪಂಪನು ಕರ್ಣನನ್ನು ಹೀಗೆಯೇ ಕಂಡನು. ಅವನ ತ್ಯಾಗವನ್ನೂ ನನ್ನಿಯನ್ನೂ ಮನಸಾರ ಹೊಗಳಿದನು. ಅವನು ನಿಂತ ಪಕ್ಷವನ್ನು ಮಾತ್ರ ನ್ಯಾಯದ ಪಕ್ಷವೆಂದು ಹೇಳಲಿಲ್ಲ.

ಆದರೂ ಈ ಜೀವನದಿಂದ ಒಂದು ಪಾಠವನ್ನು ಆರಿಸಬಹುದು. ಜಾನ್ಸನ್ನನ ಯಾವ ಕೆಲಸಗಳು ಆತನಿಗೆ ಕೀರ್ತಿಯನ್ನು ತಂದುವು? ಸಹಕಾರ ಸಂಘದ ದೀಪ, ಮತದ ಹಕ್ಕು, ವೃದ್ಧರ ವೈದ್ಯ, ವಲಸೆಯ ಬಾಗಿಲು. ಇವುಗಳಲ್ಲೆಲ್ಲಾ ಆತನು ತನ್ನ ಕೈಯಲ್ಲಿದ್ದ ಶಕ್ತಿಯನ್ನು ಶಾಸನದ ಮೂಲಕ ಇತರರ ಕೈಗೆ ದಾಟಿಸಿದನು. ಒಮ್ಮೆ ದಾಟಿದ ಮೇಲೆ ಅವರು ಆತನ ದಯೆಯನ್ನು ಕಾಯಬೇಕಾಗಿರಲಿಲ್ಲ. ಆತನಿಗೆ ವಿರೋಧವಾಗಿಯೇ ಮತ ಹಾಕಬಹುದಾಗಿದ್ದಿತು. ಯಾವುವು ಅಪಕೀರ್ತಿಯನ್ನು ತಂದುವು? ಹದಿಮೂರನೆಯ ಪೆಟ್ಟಿಗೆ, ಟಾಂಕಿನ್ ಕೊಲ್ಲಿ, ಗೋಧಿಯ ಹಗ್ಗ. ಇವುಗಳಲ್ಲೆಲ್ಲಾ ಶಕ್ತಿಯನ್ನು ಮುಷ್ಟಿಯಲ್ಲಿಯೇ ಬಿಗಿಹಿಡಿದು, ನಿಜವನ್ನು ಮರೆಮಾಡಿದನು. ಮನುಷ್ಯನು ಒಬ್ಬನೇ, ಚಾತುರ್ಯವೂ ಒಂದೇ. ಮುಷ್ಟಿಯು ತೆರೆಯಿತೋ ಮುಚ್ಚಿತೋ ಎಂಬುದರಲ್ಲಿಯೇ ಭೇದ.

ಕೊಟ್ಟುದು ಕೂಡ ತಾನಾಗಿಯೇ ಉಳಿಯುವುದೆಂದು ನಂಬಿ ಕೂಡತಕ್ಕದ್ದಲ್ಲ. 2013ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಮತದಾನದ ಶಾಸನದ ಒಂದು ಮುಖ್ಯ ಅಂಗವನ್ನು ನಿರರ್ಥಕಗೊಳಿಸಿತು. ಹಿಂದೆ ಅನ್ಯಾಯ ಮಾಡಿದ ಪ್ರಾಂತಗಳು ತಮ್ಮ ಚುನಾವಣೆಯ ನಿಯಮಗಳನ್ನು ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ಕಟ್ಟು ಅಂದಿನಿಂದ ಸಡಿಲವಾಯಿತು. ದೊಡ್ಡವರು ನೆಟ್ಟ ಮರಕ್ಕೆ ನೀರೆರೆಯುವವರು ಚಿಕ್ಕವರೇ ಆಗಬೇಕು. ಅಧಿಕಾರದಲ್ಲಿರುವವರನ್ನು ಅಳೆಯುವಾಗ ನಾವು ಕೇಳಬೇಕಾದ ಪ್ರಶ್ನೆಯು ಇಷ್ಟೇ: ಈತನು ಹೋದ ಮೇಲೆ ನಮ್ಮ ಕೈಯಲ್ಲಿ ಏನುಳಿಯುವುದು? ಆತನ ಕೃಪೆಯ ನೆನಪೇ, ಅಥವಾ ನಮ್ಮದೇ ಆದ ಹಕ್ಕೇ? ಹಕ್ಕು ಉಳಿದರೆ, ಅದನ್ನು ಕೊಟ್ಟವನ ಹೆಸರನ್ನು ಕೃತಜ್ಞತೆಯಿಂದಲೂ ಎಚ್ಚರಿಕೆಯಿಂದಲೂ ನೆನೆಯೋಣ. ಆತನಿಂದ ನೊಂದವರ ಹೆಸರನ್ನೂ ಅದರ ಪಕ್ಕದಲ್ಲಿಯೇ ನೆನೆಯೋಣ.